ಶಿವದೇವಿ ದ್ವೀಪದಲ್ಲಿ ಕೊಟ್ಟ ಮಣ್ಣು

ನಡೆಯುವುದು ಶಿವದೇವಿಯ ಕೆಲಸ, ಅಗೆಯುವುದು ಸಪ್ನಾಳ ಕೆಲಸ. ತಾಯಿ ಮಗಳು ಹಾಗೆ ಹಂಚಿಕೊಂಡಿದ್ದರು.

ಸಪ್ನಾಳ ಎರಡೂ ಕಿಡ್ನಿ ಕೆಟ್ಟ ಮೇಲೆ ವಾರಕ್ಕೆ ಮೂರು ಸಲ ಕುಷಾಯಿಗೂಡದಿಂದ ಬಸ್ಸು ಹಿಡಿದು ಸಿಕಂದರಾಬಾದಿನ ಆಸ್ಪತ್ರೆಗೆ ಬರಬೇಕಾಗಿತ್ತು. ಡಯಾಲಿಸಿಸ್ ಯಂತ್ರದ ಎರಡು ಸೂಜಿಗಳನ್ನು ಅವಳ ಎಡಗೈಗೆ ಚುಚ್ಚುತ್ತಿದ್ದರು. ರಕ್ತವೆಲ್ಲ ಒಂದು ಕೊಳವೆಯಲ್ಲಿ ಹೊರಗೆ ಹೋಗಿ, ಶುದ್ಧವಾಗಿ, ಇನ್ನೊಂದರಲ್ಲಿ ಒಳಗೆ ಬರುವ ತನಕ ಆ ಕೈ ಅಲುಗುವಂತಿರಲಿಲ್ಲ. ಅವಳಾಡುವ ಆಟಕ್ಕೆ ಮಾತ್ರ ಎರಡು ಕೈ ಬೇಕು.

ಆಟದ ಯಂತ್ರವನ್ನು ಸಪ್ನಾ ಕೋಠಿ ಬಜಾರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಕೊಂಡಾಪುರದ ಆಫೀಸಿಗೆ ಇನ್ನೂ ಹೋಗುತ್ತಿದ್ದಾಗ. ನಡುವೆ ಅಂಗೈಗಿಂತ ಸ್ವಲ್ಪ ಅಗಲದ ಪರದೆ, ಅದರ ಎರಡೂ ಬದಿಗೆ ಬಿಡಿಸಿಕೊಳ್ಳಬಹುದಾದ ಎರಡು ತುಂಡು. ಎಡಗಡೆಯ ತುಂಡಿನ ಪುಟ್ಟ ಕಡ್ಡಿಯನ್ನು ತಿರುಗಿಸಿದರೆ ಪರದೆಯೊಳಗಿನ ಹುಡುಗಿ ನಡೆಯುತ್ತಾಳೆ. ಬಲಗಡೆಯ ಬಟನ್ ಒತ್ತಿದರೆ ಅಗೆಯುತ್ತಾಳೆ, ಎತ್ತಿಕೊಳ್ಳುತ್ತಾಳೆ, ಕೊಡುತ್ತಾಳೆ. ಸೂಜಿ ಚುಚ್ಚಿದ ದಿನಗಳಲ್ಲಿ ಎಡಗಡೆಯದು ಶಿವದೇವಿಯ ಕೈಗೆ ಬಂತು. ಹೊತ್ತಾರೆ ಎದ್ದು ನೆರೆಹೊರೆಯವರಿಗೆ ಜೋಳದ ರೊಟ್ಟಿ ತಟ್ಟಿಕೊಟ್ಟು ಬರುವ ಕೈ ಅದು. ಮೊದಮೊದಲು ಹುಡುಗಿಯನ್ನು ನೇರ ಸಮುದ್ರಕ್ಕೆ ನಡೆಸುತ್ತಿತ್ತು.

"ಅವ್ವಾ, ಮೆತ್ತಗ. ರೊಟ್ಟಿ ಬಡದಂಗ ಬಡೀಬ್ಯಾಡ."

"ಅಕಿನ ಓಡಾಕತ್ತಾಳ, ನಾ ಏನ ಮಾಡ್ಲಿ?"

ಅದೊಂದು ದ್ವೀಪದ ಆಟ. ಅಲ್ಲಿ ಯುದ್ಧವಿಲ್ಲ, ಸೋಲು ಗೆಲುವಿಲ್ಲ. ಮನೆ ಕಟ್ಟಬೇಕು, ಹೂವಿನ ಗಿಡ ಹಚ್ಚಬೇಕು, ನೆರೆಯವರನ್ನು ಮಾತಾಡಿಸಬೇಕು. ಇಲ್ಲಿ ಸಂಜೆಯಾದರೆ ಅಲ್ಲೂ ಸಂಜೆ. ಪ್ರತಿ ಬೆಳಿಗ್ಗೆ ನೆಲದ ಮೇಲೆ ಅಲ್ಲಲ್ಲಿ ನಕ್ಷತ್ರದ ಆಕಾರದ ಬಿರುಕು ಮೂಡಿರುತ್ತದೆ. ಅಗೆದರೆ ಬೂದು ಬಣ್ಣದ ಒಂದು ಉಂಡೆ ಸಿಗುತ್ತದೆ. ಉಂಡೆಗಳೆಲ್ಲ ನೋಡಲಿಕ್ಕೆ ಒಂದೇ ಥರ. ಮ್ಯೂಸಿಯಮ್ಮಿನಲ್ಲಿ ಕನ್ನಡಕ ಹಾಕಿಕೊಂಡ ಮುದಿ ಆಮೆಯೊಂದು ಕುಳಿತಿರುತ್ತದೆ. ಅದು ಉಂಡೆಯನ್ನು ತಟ್ಟಿ ನೋಡಿದರೆ ಮಾತ್ರ ಒಳಗಿನ ಎಲುಬು ಹೊರಬರುತ್ತದೆ. ಯಾವುದೋ ಕಾಲದಲ್ಲಿ ಸತ್ತ ಡೈನೋಸಾರಿನ ಕಾಲೋ, ಬಾಲವೋ, ಪಕ್ಕೆಯೋ. ಮ್ಯೂಸಿಯಮ್ಮಿಗೆ ಕೊಟ್ಟರೆ ಅದು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಹೀಗೆ ಒಂದೊಂದೇ ಕೂಡಿ ಇಡೀ ಪ್ರಾಣಿ ಎದ್ದು ನಿಲ್ಲಬೇಕು.

ಆಮೆಯ ಮುಂದೆ ಹುಡುಗಿಯನ್ನು ನಿಲ್ಲಿಸಿದರೆ ಶಿವದೇವಿಯ ಕೆಲಸ ಮುಗಿಯಿತು. ಅಲ್ಲಿಂದಾಚೆ ಬರೀ ಬಟನ್ನಿನ ಕೆಲಸ. ಆ ಹೊತ್ತಿಗೆ ಅವಳ ಕಣ್ಣು ಡಯಾಲಿಸಿಸ್ ಯಂತ್ರದ ಕೆಂಪು ಕೊಳವೆಯ ಮೇಲಿರುತ್ತಿತ್ತು. ಅದರೊಳಗೆ ಸುತ್ತುತ್ತಿದ್ದದ್ದು ತನ್ನ ರಕ್ತವೇ ಎಂದು ಅವಳಿಗೆ ಅನಿಸುತ್ತಿತ್ತು. ತನ್ನ ಕಿಡ್ನಿ ಕೊಡಲಿಕ್ಕೆ ಹೋದಾಗ ಡಾಕ್ಟರು ಸಕ್ಕರೆ ಕಾಯಿಲೆ ಇದೆಯೆಂದು ಬೇಡ ಅಂದಿದ್ದರು. ಬೇರೆ ಯಾರದಾದರೂ ಕಿಡ್ನಿಗಾಗಿ ಹೆಸರು ಹಚ್ಚಿ ತಾಯಿ ಮಗಳು ಕಾಯುತ್ತಿದ್ದರು.

ಸಪ್ನಾ ಕಾಯುತ್ತಿದ್ದದ್ದು ಇನ್ನೊಂದಕ್ಕಾಗಿ. ಉದ್ದ ಕತ್ತಿನ ಡೈನೋಸಾರಿನ ತಲೆಗಾಗಿ.

ಅದರ ಬಾಲ, ಸೊಂಟ, ಎದೆಗೂಡು, ಕತ್ತು ಎಲ್ಲ ಮ್ಯೂಸಿಯಮ್ಮಿನಲ್ಲಿ ಕೂಡಿದ್ದವು. ಕತ್ತು ಮೇಲಕ್ಕೆ ಬಾಗಿ, ಬಾಗಿ, ಗಾಳಿಯಲ್ಲಿ ಸುಮ್ಮನೆ ಮುಗಿದುಬಿಡುತ್ತಿತ್ತು. ಸಪ್ನಾಳಿಗೆ ಅದರ ಮೇಲೆ ಅಷ್ಟು ಜೀವ ಏಕೆಂಬುದು ಶಿವದೇವಿಗೆ ಗೊತ್ತಿತ್ತು. ಗಂಡ ಸಿದ್ದರಾಮಪ್ಪ ಬದುಕಿದ್ದಾಗ, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ರಜೆಯಿದ್ದ ಒಂದು ದಿನ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರಿನ ವಿಜ್ಞಾನ ಮ್ಯೂಸಿಯಮ್ಮಿಗೆ ಹೋಗಿದ್ದ. ತೆಲಂಗಾಣದ ಮಣ್ಣಿನಲ್ಲೇ ಸಿಕ್ಕ ಉದ್ದ ಕತ್ತಿನ ಒಂದು ಅಸ್ಥಿಪಂಜರ ಅಲ್ಲಿ ನಿಂತಿದೆ. "ಇದರ ತಲಿ ಸಿಕ್ಕಿಲ್ಲಂತವ್ವಾ. ಇದು ಆಮ್ಯಾಲೆ ಮಾಡಿ ಕೂಡಿಸಿದ್ದು," ಎಂದು ಅವನು ಹೇಳಿದ್ದಕ್ಕೆ ಮಗು ಅಲ್ಲೇ ಅಳು ಶುರು ಮಾಡಿತ್ತು. ಹಾಗಾದರೆ ಅದರ ತಲೆ ಎಲ್ಲಿ ಹೋಯಿತು? ಬಸ್ಸಿನಲ್ಲೂ ಅದೇ ಪ್ರಶ್ನೆ, ಮನೆಗೆ ಬಂದ ಮೇಲೂ ಅದೇ ಪ್ರಶ್ನೆ. "ಹುಡುಕಿದ್ರ ಸಿಗತೈತಿ, ಮಲಕೋ," ಎಂದು ಸಿದ್ದರಾಮಪ್ಪ ಚಾದರ ಹೊದಿಸಿದ್ದ.

ಆಟದಲ್ಲಿ ಹುಡುಕಿದರೆ ಸಿಗುತ್ತಿತ್ತು. ಸಪ್ನಾಳಿಗೆ ಅಷ್ಟೇ ಬೇಕಾಗಿತ್ತು.

ಒಂದು ದಿನ ಅದೇ ಬಾಲದ ಎಲುಬು ಮತ್ತೆ ಬಂತು. ಸಪ್ನಾ, "ಇದು ಐತಿ ನಮ್ಮ ಹತ್ರ. ಅಂಗಡಿಗೆ ನಡಿಯವ್ವಾ, ಮಾರಿಬಿಡೂಣು," ಅಂದಳು.

ಶಿವದೇವಿಯ ಹೆಬ್ಬೆರಳು ನಿಂತಿತು. "ಏನ ಮಾರತಿ?"

"ಎಲುಬು."

"ಎಲುಬು ಮಾರತೀಯೇನ? ಅಂಗಡ್ಯಾಗ, ತಕ್ಕಡಿ ಮ್ಯಾಲೆ ಇಟ್ಟು?"

"ಆಟ ಅವ್ವಾ ಇದು!"

"ಆಟ ಇದ್ರ ಇರಲಿ. ನಡಿಯಾಕಿ ನಾನು. ಅಂಗಡಿ ಕಡಿಗೆ ನಾ ನಡಿಯೂದಿಲ್ಲ."

ಪಕ್ಕದ ಹಾಸಿಗೆಯಲ್ಲಿ ಅದೇ ಥರ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಹನುಮಂತರಾಯರು ತಲೆ ಎತ್ತಿದರು. ರಾಯಚೂರಿನವರು, ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕನ್ನಡ ಕಿವಿಗೆ ಬಿದ್ದರೆ ನಡುವೆ ಬಾಯಿ ಹಾಕದೆ ಇರುತ್ತಿರಲಿಲ್ಲ. "ಏನು ಜಗಳಾರೀ ತಾಯಿ ಮಗಳದು?"

"ನೋಡ್ರಿ ಕಾಕಾ," ಸಪ್ನಾ ನಗುತ್ತಿದ್ದಳು, "ಡೈನೋಸಾರಿಗೆ ಮಣ್ಣ ಮಾಡಬೇಕಂತ ಅವ್ವಾ."

"ಮತ್ತೇನ ಮಾಡಬೇಕು?" ಶಿವದೇವಿ ಧ್ವನಿ ಏರಿಸಿದಳು. "ಮಣ್ಣಾಗಿದ್ದನ್ನ ಅಗದು ತಗದಿ. ಮ್ಯೂಸಿಯಂನ್ಯಾಗ ಇಟ್ಟಿ, ಹೋಗಲಿ, ಅಲ್ಲಿ ಮಂದಿ ಕೈ ಮುಗದು ನೋಡತಾರ. ಉಳದದ್ದು ಬಂದಲ್ಲಿಗೇ ಹೋಗಬೇಕು."

"ಭಾಳ ಪುಣ್ಯವಂತ ಪ್ರಾಣಿ ಬಿಡ್ರಿ," ರಾಯರು ಅಂದರು. "ಸತ್ತು ಕೋಟಿ ವರ್ಷ ಆದಮ್ಯಾಲೆ ಲಿಂಗಾಯತರ ಮಣ್ಣು ಸಿಗ್ಲಿಕತ್ತದ ಅದಕ್ಕ."

"ನೀವು ಸುಮ್ನ ಇರ್ರಿ ರಾಯರ. ನಿಮ್ಮ ಮಂದೀಗೆ ಬೆಂಕಿ ಹಚ್ಚೂದೊಂದ ಗೊತ್ತು."

"ಹೌದ್ರಿ. ನಮ್ಮನ್ನ ಯಾರೂ ಅಗದು ಮ್ಯೂಸಿಯಂನ್ಯಾಗ ನಿಲ್ಲಸೂ ಹಂಗಿಲ್ಲ. ಅಷ್ಟರ ಮಟ್ಟಿಗೆ ಆರಾಮ."

ಸಪ್ನಾ ನಕ್ಕ ರಭಸಕ್ಕೆ ಎಡಗೈ ಅಲುಗಿ ಯಂತ್ರ ಕೂಗಿಕೊಂಡಿತು. ಟೆಕ್ನಿಷಿಯನ್ ನಿಖಿತಾ ಓಡಿಬಂದಳು. "ಸಪ್ನಾ, ಚೆಯ್ಯಿ ಕದಪಕು!" ಕೈ ಅಲುಗಿಸಬೇಡವೆಂದು ತೆಲುಗಿನಲ್ಲಿ ಗದರಿಸಿ, ಕೈಯನ್ನು ಮತ್ತೆ ದಿಂಬಿನ ಮೇಲೆ ನೇರ ಮಾಡಿ ಹೋದಳು.

ಆವತ್ತಿನಿಂದ ದ್ವೀಪದ ಉತ್ತರದ ದಂಡೆ ಅವ್ವನ ಜಾಗವಾಯಿತು. ಮುದ್ದೇಬಿಹಾಳದ ಕಡೆಯ ತನ್ನ ತವರಿನಲ್ಲೂ, ಈ ಊರಲ್ಲಿ ಗಂಡನಿಗೂ, ಶಿವದೇವಿ ಮಣ್ಣು ಕೊಟ್ಟವಳು. ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಬಿಲ್ವಪತ್ರೆ ಹಾಕಿ, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡುವುದು. ಕೊಟ್ಟ ಮೇಲೆ ಆ ನೆಲ ಕೆದಕುವುದಿಲ್ಲ. ಎತ್ತಿಕೊಂಡು ಮಣ್ಣು ಮಾಡುವ ಬಟನ್ ಯಾವುದೆಂದು ಅವಳು ಹಟ ಹಿಡಿದು ಕಲಿತಳು. ಬಲಗಡೆಯ ತುಂಡಿನಲ್ಲಿ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಹೆಚ್ಚಾಗಿ ಉಳಿದ ಎಲುಬುಗಳೆಲ್ಲ ಅಲ್ಲಿಗೆ ಹೋದವು. ಮೇಲೆ ಬಿಳಿ ಹೂವಿನ ಗಿಡ ಹಚ್ಚಿದರು. ಮಣ್ಣು ಮಾಡಿದಲ್ಲೆಲ್ಲ ನಕ್ಷತ್ರದ ಬಿರುಕು ಉಳಿಯುತ್ತಿತ್ತು.

"ಇಲ್ಲಿ ನೀ ಅಗೀಬಾರದು. ಆಣಿ ಮಾಡು."

"ಆತವ್ವಾ. ನಿನ್ನ ಜಾಗ ನಾ ಮುಟ್ಟೂದಿಲ್ಲ."

ಸಪ್ನಾ ಮಾತು ಉಳಿಸಿಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಇಳಿದುಹೋದಳು. ಡಯಾಲಿಸಿಸ್ ಇಲ್ಲದ ದಿನ ಮನೆಯಲ್ಲೇ ಮಲಗಿ ಅಗೆಯುತ್ತಿದ್ದಳು, ಆದರೆ ಅಗೆದದ್ದನ್ನು ಆಮೆಯ ತನಕ ಒಯ್ಯುವಷ್ಟು ಹೊತ್ತು ಕಣ್ಣು ತೆರೆದಿರುತ್ತಿರಲಿಲ್ಲ. ಉಂಡೆಗಳನ್ನು ಆಟದೊಳಗಿನ ತನ್ನ ಮನೆಯ ಮೂಲೆಯಲ್ಲಿ ಇಟ್ಟು ನಿದ್ದೆ ಹೋಗುತ್ತಿದ್ದಳು.

ಆ ನಡುವೆ ಒಂದು ಅಮಾವಾಸ್ಯೆ ಬಂತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುತ್ತಲೇ ಸಪ್ನಾಳಿಗೆ ಜೋಂಪು ಹತ್ತಿತು. ಶಿವದೇವಿ ಮಗಳ ಬೆರಳಿನಿಂದ ಬಲಗಡೆಯ ತುಂಡನ್ನು ಮೆಲ್ಲಗೆ ಬಿಡಿಸಿಕೊಂಡಳು. ಪರದೆಯ ಮೇಲೆ ಆ ಪುಟ್ಟ ಮನೆಯ ಮೂಲೆ ಕಾಣಿಸಿತು. ಅಮಾವಾಸ್ಯೆಯ ದಿನ ಮನೆಯೊಳಗೆ ಎಲುಬು. ಹೊಸ್ತಿಲ ಈಚೆಗೆ, ಹುಡುಗಿ ಮಲಗುವ ಮಂಚದ ಪಕ್ಕಕ್ಕೇ. ಇಷ್ಟು ದಿನ ಇಲ್ಲಿ ಇಟ್ಟುಕೊಂಡು ಕೂತಿದ್ದೇವಲ್ಲ, ಮಗಳು ಹೀಗೆ ಇಳಿಯದೆ ಇನ್ನೇನು ಎಂದುಕೊಂಡಳು. ಎಲ್ಲವನ್ನೂ ಒಟ್ಟು ಮಾಡಿಕೊಂಡು, ಉತ್ತರದ ದಂಡೆಗೆ ನಡೆದು, ಬಿಳಿ ಹೂವಿನ ಕೊನೆಯ ಗಿಡದ ಆಚೆ ಒಂದೊಂದನ್ನೇ ಮಣ್ಣು ಮಾಡಿದಳು.

ಸಪ್ನಾ ಕಣ್ಣು ಬಿಟ್ಟಾಗ ಹೇಳಿದಳು: "ಅಮಾಸಿ ಐತಿ ಇವತ್ತ. ಮನ್ಯಾಗಿದ್ದದ್ದು ಮಣ್ಣ ಮಾಡಿದೆ."

ಮಗಳು ಹೆಚ್ಚಾದ ಎಲುಬೆಂದು ತಿಳಿದಳು. "ಹೂಂ," ಅಂದು ಮಗ್ಗುಲಾಗಲು ನೋಡಿ, ಆಗದೆ, ಹಾಗೇ ಮಲಗಿದಳು. ಮೂಲೆಯಲ್ಲಿದ್ದವನ್ನು ಯಾವಾಗಲೋ ಆಮೆಗೆ ತೋರಿಸಿಯಾಗಿದೆ ಎಂದುಕೊಂಡಿರಬೇಕು. ಆ ದಿನಗಳಲ್ಲಿ ಅವಳಿಗೆ ನಿನ್ನೆಯದು ಇವತ್ತಿಗೆ ನೆನಪಿರುತ್ತಿರಲಿಲ್ಲ.

ಆಮೇಲೆ ತಲೆ ಸಿಗಲೇ ಇಲ್ಲ. ದೀಪಾವಳಿ ಹೋಯಿತು, ಚಳಿ ಬಂತು. ಸಪ್ನಾ ದಿನವೂ ಅಗೆದಳು. ಮತ್ತೆ ಕತ್ತು, ಮತ್ತೆ ಸೊಂಟ, ಬೇರೆ ಯಾವುದೋ ಪ್ರಾಣಿಯ ಉಗುರು. "ಎಲ್ಲಿ ಹೋತವ್ವಾ ಇದರ ತಲಿ?" ಎಂದು ಕೇಳುವಾಗ ಅವಳ ದನಿ ಬಸ್ಸಿನಲ್ಲಿ ಅತ್ತ ಮಗುವಿನ ದನಿಯಂತೆಯೇ ಇತ್ತು. ಶಿವದೇವಿ ಸಿದ್ದರಾಮಪ್ಪನ ಮಾತನ್ನೇ ಹೇಳುತ್ತಿದ್ದಳು. ಹುಡುಕಿದ್ರ ಸಿಗತೈತಿ.

ಒಂದು ಮಧ್ಯಾಹ್ನ ಜ್ವರ ಬಂತು. ನಡುಕ ನಿಲ್ಲಲಿಲ್ಲ. ರಕ್ತದಲ್ಲಿ ಸೋಂಕು ಸೇರಿದೆ ಎಂದು ಡಾಕ್ಟರು ಸಪ್ನಾಳನ್ನು ಐಸಿಯುಗೆ ಹಾಕಿದರು. ಸ್ಟ್ರೆಚರ್ ಮೇಲೆ ಹೋಗುವಾಗ ಅವಳು ಆಟದ ಯಂತ್ರವನ್ನು ತಾಯಿಯ ಕೈಗೆ ಕೊಟ್ಟಳು.

"ದಿನಾ ಅಗದು ಆಮಿಗೆ ತೋರಸವ್ವಾ. ತಲಿ ಸಿಕ್ರ ಕೊಡಬ್ಯಾಡ, ಇಟ್ಕೋ. ನಾನ ಕೊಡತೀನಿ. ಅದು ಕೂಡೂದು ನಾ ನೋಡಬೇಕು."

"ನಾ ಯಾಕ ಕೊಡ್ಲಿ? ನಡಿಯಾಕಿ ನಾನು," ಅಂದಳು ಶಿವದೇವಿ. ಸಪ್ನಾ ನಕ್ಕಂತೆ ಕಾಣಿಸಿತು. ಬಾಗಿಲು ಮುಚ್ಚಿಕೊಂಡಿತು.

ಐಸಿಯು ಹೊರಗಿನ ಕುರ್ಚಿಯ ಸಾಲಿನಲ್ಲಿ ಕುಳಿತು ಶಿವದೇವಿ ಮೊದಲ ಸಲ ಎರಡೂ ಕೈಯಿಂದ ಆಡಿದಳು. ಬಿರುಕು ಹುಡುಕಿ, ಅಗೆದು, ಆಮೆಯ ಮುಂದೆ ನಿಂತು, ಬಟನ್ ಒತ್ತಿದಳು. ಆಮೆ ಬೂದು ಉಂಡೆಯನ್ನು ತಟ್ಟಿತು. ಉಂಡೆ ಒಡೆದು ಒಂದು ಬಿಳಿ ಪಕ್ಕೆಲುಬು ಹೊರಬಂತು.

ಅವಳು ಅದನ್ನೇ ನೋಡುತ್ತ ಕುಳಿತಳು.

ಅಂದರೆ ಆಮೆ ಮುಟ್ಟಿದ ಮೇಲೆ ಎಲುಬು. ಮುಟ್ಟುವ ತನಕ ಉಂಡೆ. ಇಷ್ಟು ತಿಂಗಳು ಈ ಆಮೆಯ ತನಕ ನಡೆದು ಬಂದು, ಒಂದು ದಿನವೂ ಇದನ್ನು ನೋಡಿರಲಿಲ್ಲ. ಅಮಾವಾಸ್ಯೆಯ ದಿನ ತಾನು ಮನೆಯ ಮೂಲೆಯಿಂದ ಎತ್ತಿಕೊಂಡು ಹೋದವು ಬೂದು ಬಣ್ಣದವು. ದುಂಡಗಿದ್ದವು.

ಕೈಯಲ್ಲಿದ್ದ ಯಂತ್ರ ಬಿಸಿಯಾಗಿತ್ತು. ಅವಳು ಹುಡುಗಿಯನ್ನು ಉತ್ತರದ ದಂಡೆಯ ತನಕ ನಡೆಸಿದಳು. ಬಿಳಿ ಹೂವುಗಳ ಆಚೆ ನಕ್ಷತ್ರದ ಬಿರುಕುಗಳು ಹಾಗೇ ಇದ್ದವು. ಸಲಿಕೆ ಎತ್ತಿಸಿದಳು. ಇಳಿಸಿದಳು. ಬಟನ್ ಒತ್ತಲಾಗಲಿಲ್ಲ. ಮಗಳು ಒಳಗೆ ಹಾಗೆ ಮಲಗಿರುವಾಗ, ಕೊಟ್ಟ ಮಣ್ಣನ್ನು ತನ್ನ ಕೈಯಿಂದಲೇ ಕೆದಕುವುದೇ? ಅದನ್ನು ಕೆದಕಿದರೆ ಇನ್ನೇನು ತೆರೆದುಕೊಂಡೀತೋ. ಆವತ್ತು ಅವಳು ಅಲ್ಲೇ ನಿಂತು ವಾಪಸು ಬಂದಳು.

ಮರುದಿನ ಡಯಾಲಿಸಿಸ್ ಮುಗಿಸಿ ಗಾಲಿಕುರ್ಚಿಯಲ್ಲಿ ಹೋಗುತ್ತಿದ್ದ ಹನುಮಂತರಾಯರು ಅವಳನ್ನು ನೋಡಿ ಕುರ್ಚಿ ನಿಲ್ಲಿಸಲು ಹೇಳಿದರು. "ಹೆಂಗಿದ್ದಾಳ್ರಿ ಹುಡುಗಿ?"

"ಪೈಪ್ ಹಾಕ್ಯಾರ್ರಿ. ಮಾತಿಲ್ಲ." ಸೆರಗಿನ ಅಂಚು ತಿರುವಿದಳು. "ರಾಯರ, ಮಣ್ಣ ಕೊಟ್ಟದ್ದನ್ನ ಮತ್ತ ತಗೀಬಹುದೇನ್ರಿ?"

ರಾಯರಿಗೆ ನಗೆಮಾತು ಬಾಯಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡರು. "ಏನಂತ ತಿಳದು ಕೊಟ್ಟಿದ್ರಿ?"

"ತಿಳೀದ ಕೊಟ್ಟಿದ್ದೆ."

"ತಿಳೀದ ಕೊಟ್ಟದ್ದು ಕೊಟ್ಟಂಗ ಅಲ್ರಿ, ಶಿವದೇವಮ್ಮ."

ರಾಯರ ಗಾಲಿಕುರ್ಚಿ ಲಿಫ್ಟಿನೊಳಗೆ ಹೋದ ಮೇಲೆ ಅವಳು ಕಣ್ಣು ಮುಚ್ಚಿ ಬಟನ್ ಒತ್ತಿದಳು. ಬೂದು ಉಂಡೆ. ಇನ್ನೊಂದು. ಮತ್ತೊಂದು. ತೆಗೆದ ಕುಳಿಗಳನ್ನು ಹಾಗೇ ಬಿಡದೆ ಮುಚ್ಚುತ್ತ ಹೋದಳು. ಎಲ್ಲವನ್ನೂ ಆಮೆಯ ಮುಂದಿಟ್ಟಳು. ಒಂದರೊಳಗಿಂದ ಕಾಲಿನ ಎಲುಬು ಬಂತು. ಇನ್ನೊಂದರೊಳಗಿಂದ ಬಂದದ್ದು ಚಿಕ್ಕದಾಗಿತ್ತು, ಅಂಥ ದೊಡ್ಡ ಮೈಗೆ ತೀರಾ ಚಿಕ್ಕದು. ಕಣ್ಣಿನ ಜಾಗ ಖಾಲಿ, ಕೆಳಗೆ ಕಡ್ಡಿಯಂಥ ಹಲ್ಲಿನ ಸಾಲು. ಆಮೆ ಇಂಗ್ಲಿಷಿನಲ್ಲಿ ಏನೋ ಹೇಳಿತು. ಅವಳಿಗೆ ಓದಬೇಕಾಗಿರಲಿಲ್ಲ.

ತಲೆ ಸಿಕ್ಕಿ ಯಾವ ಕಾಲವೋ ಆಗಿತ್ತು. ಸಪ್ನಾ ತನ್ನ ಕೈಯಾರೆ ಅದನ್ನು ಅಗೆದು ತಂದು, ಮಂಚದ ಪಕ್ಕ ಇಟ್ಟು, ನಿದ್ದೆ ಹೋಗಿದ್ದಳು. ಅಲ್ಲಿಂದೀಚೆಗೆ ದ್ವೀಪದ ಮೂಲೆಮೂಲೆಯನ್ನೂ ಅಗೆದಿದ್ದಳು. ತಾಯಿಗೆ ಆಣೆ ಮಾಡಿ ಬಿಟ್ಟ ಒಂದು ತುಂಡು ನೆಲ ಬಿಟ್ಟು.

ಪರದೆಯ ಮೇಲೆ ಎರಡು ಸಾಲು ಮೂಡಿದವು. ಮೇಲಿನದು ಕೊಡಲಿಕ್ಕೆ, ಕೆಳಗಿನದು ಇಟ್ಟುಕೊಳ್ಳಲಿಕ್ಕೆ. ಶಿವದೇವಿ ಕೆಳಗಿನದನ್ನು ಒತ್ತಿದಳು.

ಸಂಜೆ ಭೇಟಿಗೆ ಬಿಟ್ಟರು. ಯಂತ್ರವನ್ನು ಒಳಗೆ ಒಯ್ಯಬಾರದು ಎಂದು ಬಾಗಿಲಲ್ಲಿ ಇಸಿದುಕೊಂಡರು. ಸಪ್ನಾಳ ಬಾಯಿಗೆ ಕೊಳವೆ ಇತ್ತು, ಕಣ್ಣಿನ ಮೇಲೆ ಟೇಪು. ಶಿವದೇವಿ ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದಳು.

"ಯವ್ವಾ, ತಲಿ ಸಿಕ್ತು. ನನ್ನ ಜಾಗದಾಗ ಇತ್ತು. ನಾನ ಇಟ್ಟಿದ್ದೆ, ನನಗ ಗೊತ್ತಾಗ್ಲಿಲ್ಲ. ಕೊಟ್ಟಿಲ್ಲ, ಇಟ್ಕೊಂಡೀನಿ. ನೀ ಬಂದು ಕೊಡು."

ಮಗಳ ಬಲಗೈ ಹಾಸಿಗೆಯ ಅಂಚಿನಲ್ಲಿತ್ತು. ಶಿವದೇವಿ ಆ ಹೆಬ್ಬೆರಳನ್ನೇ ನೋಡುತ್ತ ನಿಂತಳು, ನರ್ಸು ಬಂದು ಭುಜ ಮುಟ್ಟುವ ತನಕ. ಹೆಬ್ಬೆರಳು ಅಲುಗಲಿಲ್ಲ.

ಸಪ್ನಾ ಮರುದಿನ ಬೆಳಿಗ್ಗೆ ತೀರಿಕೊಂಡಳು.

ಅಪ್ಪನ ಸಮಾಧಿಯ ಸಾಲಿನಲ್ಲೇ ಜಾಗ ಸಿಕ್ಕಿತು. ಕೂರಿಸಿದರು, ವಿಭೂತಿ ಹಚ್ಚಿದರು. ಕೊಂಡಾಪುರದ ಆಫೀಸಿನವರು ಬಂದು ದೂರದಲ್ಲಿ ನಿಂತಿದ್ದರು. ಮೈದುನ ಮಲ್ಲಪ್ಪ ಆಟದ ಯಂತ್ರವನ್ನು ಚೀಲದಿಂದ ತೆಗೆದು ಶಿವದೇವಿಗೆ ತೋರಿಸಿದ. "ವೈನಿ, ಅಕಿ ಜೀವದ ಸಾಮಾನಿದು. ಅಕಿ ಮಗ್ಗಲಾಗ ಇಡ್ಲೇನು?"

"ಬ್ಯಾಡಪ್ಪಾ," ಅಂದಳು. "ಅದರಾಗ ಒಂದು ಕೆಲಸ ಉಳದೈತಿ."

ಎಲ್ಲರೂ ಮಣ್ಣು ಕೊಟ್ಟರು. ಅವಳೂ ಕೊಟ್ಟಳು. ನೀರು ಕಾಣದ ಮಣ್ಣು, ಬೆರಳ ಸಂದಿಯಿಂದ ಹಿಟ್ಟಿನಂತೆ ಇಳಿಯಿತು.

ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಟ್ಟು ಬಂದರು. ಬಂದವರೆಲ್ಲ ಉಂಡು ಹೋದ ಮೇಲೆ ಶಿವದೇವಿ ಅಡುಗೆಮನೆಯ ಬಾಗಿಲಿಗೆ ಒರಗಿ ಯಂತ್ರ ತೆರೆದಳು. ದ್ವೀಪದಲ್ಲೂ ಮಧ್ಯಾಹ್ನವೇ ಇತ್ತು. ನೆರೆಯವರು ಕೈ ಬೀಸಿದರು. ಅವಳು ನಿಲ್ಲಲಿಲ್ಲ. ನೇರ ಮ್ಯೂಸಿಯಮ್ಮಿಗೆ ನಡೆದು ಉದ್ದ ಕತ್ತಿನ ಆ ಪ್ರಾಣಿಯ ಕೆಳಗೆ ನಿಂತಳು. ಕತ್ತು ಬಾಗಿ, ಬಾಗಿ, ಗಾಳಿಯಲ್ಲಿ ಮುಗಿದಿತ್ತು. ಚೀಲದಲ್ಲಿ ತಲೆ ಇತ್ತು. ಕನ್ನಡಕದ ಆಮೆ ಎರಡು ಸಾಲು ತೋರಿಸುತ್ತ ಕಾಯುತ್ತಿತ್ತು.

ಮೇಲಿನದನ್ನು ಒತ್ತಿದರೆ ಮುಗಿಯುತ್ತಿತ್ತು. ಕೂಡುವುದನ್ನು ನೋಡಬೇಕೆಂದವಳು ನೋಡುವ ಹಾಗಿರಲಿಲ್ಲ. ನಾನೇ ಕೊಡುತ್ತೇನೆ ಎಂದವಳ ಕೈಯಿಂದ ಬೇರೆಯವರು ಕಸಿದು ಕೊಡುವುದು ಶಿವದೇವಿಗೆ ಆಗಲಿಲ್ಲ. ಅವಳು ಕೆಳಗಿನದನ್ನು ಒತ್ತಿ ಹೊರಗೆ ಬಂದಳು.

ಉತ್ತರದ ದಂಡೆಯಲ್ಲಿ, ಬಿಳಿ ಹೂವಿನ ಕೊನೆಯ ಗಿಡದ ಆಚೆ, ಅದೇ ಜಾಗವನ್ನು ಅಗೆದಳು. ತಲೆಯನ್ನು ಇಟ್ಟಳು. ಈ ಸಲ ಅದು ಏನೆಂದು ಅವಳಿಗೆ ಗೊತ್ತಿತ್ತು. ಮಣ್ಣು ಮುಚ್ಚಿ, ಮೇಲೊಂದು ಹೂವಿನ ಗಿಡ ಹಚ್ಚಿದಳು.

ಆಮೇಲೆ ಬಲಗಡೆಯ ತುಂಡನ್ನು ಬಿಡಿಸಿ, ಸಪ್ನಾಳ ಓಡ್ನಿಯಲ್ಲಿ ಸುತ್ತಿ, ಟ್ರಂಕಿನಲ್ಲಿ ಇಟ್ಟಳು.

ಈಗಲೂ ರೊಟ್ಟಿ ತಟ್ಟುವುದು ಮುಗಿದು, ಹೆಂಚು ಆರುವ ಹೊತ್ತಿಗೆ, ಅವಳು ಎಡಗಡೆಯ ತುಂಡನ್ನು ಹಿಡಿದು ಕೂರುತ್ತಾಳೆ. ನೆಲದ ಮೇಲೆ ಬಿರುಕುಗಳು ಮೂಡಿರುತ್ತವೆ. ಹುಡುಗಿ ಅವುಗಳ ಪಕ್ಕದಿಂದ ಹಾದುಹೋಗುತ್ತಾಳೆ. ಮ್ಯೂಸಿಯಮ್ಮಿನ ಮುಂದಿನಿಂದ ಸೇತುವೆಗೆ, ಸೇತುವೆಯಿಂದ ಉತ್ತರದ ದಂಡೆಗೆ. ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಮನೆಗೆ ಬರುತ್ತಾಳೆ.